ಪದಚರ್ಚೆ: ಆಲ್ಬಂ ಪಟ್ಟಿಯಲ್ಲಿ ‘ಓಡಿತು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಕ್ರಿಯಾಪದಕ್ಕಾಗಿ ಎರಡು ವಾರದಿಂದ ತಡಕಾಡುತ್ತಿದ್ದೇನೆ. ನಿಮ್ಮ ಕಿವಿ ಏನನ್ನುತ್ತದೆ ಎಂದು ತಿಳಿಯಬೇಕು.

ಒಂದು ವಾರಪತ್ರಿಕೆಗೆ ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ಸಂಗೀತ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಬಗ್ಗೆ ಬರೆದುಕೊಟ್ಟಿದ್ದೆ. 1973ರ ಮಾರ್ಚಿನಲ್ಲಿ ಬಂದ ಆಲ್ಬಂ ಅದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರವಾರ ಪ್ರಕಟಿಸುವ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 1988ರ ತನಕ ಲೆಕ್ಕ ಹಾಕಿದರೆ ಒಟ್ಟು 740ರ ಆಸುಪಾಸು ವಾರ ಇತ್ತು. ನಾನು ಬರೆದದ್ದೂ ‘ಇತ್ತು’ ಎಂದೇ. ಅಚ್ಚಾಗಿ ಬಂದಾಗ ಅದು ‘ಸತತ 15 ವರ್ಷ ಓಡಿ ದಾಖಲೆ’ ಆಗಿತ್ತು. ಮಾರನೇ ದಿನವೇ ಬಸವನಗುಡಿಯ ಓದುಗರೊಬ್ಬರ ಫೋನು: “ಹದಿನೈದು ವರ್ಷ ಅಂದ್ರೆ 780 ವಾರ ಆಗಬೇಕಲ್ಲ, ಮಿಕ್ಕ ನಲವತ್ತು ವಾರ ಎಲ್ಲಿ ಹೋಯ್ತು?” ಅವರ ಲೆಕ್ಕ ಸರಿ. ನಡುನಡುವೆ ಪಟ್ಟಿಯಿಂದ ಆಚೆ ಬಿದ್ದು, ಮತ್ತೆ ಒಳಗೆ ಬಂದ ಆಲ್ಬಂ ಅದು. ಹದಿನೈದು ವರ್ಷವೂ ಸತತವಾಗಿ ಇರಲಿಲ್ಲ.

ಡೆಸ್ಕಿನಲ್ಲಿ ತಿದ್ದಿದವರ ಮೇಲೆ ನನಗೆ ಸಿಟ್ಟಿಲ್ಲ. ‘ಓಡಿತು’ ಎಂದು ಒಮ್ಮೆ ಬರೆದರೆ ‘ಸತತ’ ತಾನಾಗಿಯೇ ಹಿಂದೆ ಬರುತ್ತದೆ. ಬೆಂಗಳೂರಿನವರಿಗೆ ಓಡುವುದು ಅಂದರೆ ಕೆಂಪೇಗೌಡ ರಸ್ತೆಯ ಥಿಯೇಟರು. 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ ಅಲ್ಲಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಎನ್ನುವಾಗ ಆ ‘ಓಡು’ವಿನೊಳಗೇ ಎಡೆಬಿಡದೆ ಎಂಬ ಅರ್ಥ ಅಡಗಿದೆ. ಶತದಿನೋತ್ಸವ, ರಜತೋತ್ಸವ ಎಲ್ಲವೂ ಆ ಲೆಕ್ಕದ ಮೇಲೇ ನಿಂತವು. ತೊಂಬತ್ತನೇ ದಿನ ಎತ್ತಂಗಡಿಯಾದರೆ ಶತದಿನ ಇಲ್ಲ. ಆಮೇಲೆ ಯಾವಾಗಲೋ ಮತ್ತೆ ಹಾಕಿ ಹತ್ತು ದಿನ ನಡೆಸಿದರೆ ಅದನ್ನು ಯಾರೂ ಕೂಡಿಸಿ ನೂರು ಮಾಡುವುದಿಲ್ಲ.

ಆಲ್ಬಂ ಪಟ್ಟಿಯ ಲೆಕ್ಕ ಹಾಗಲ್ಲ. ಅಲ್ಲಿ ಎತ್ತಂಗಡಿ ಮಾಡುವವರು ಯಾರೂ ಇಲ್ಲ. ಆ ವಾರ ಬೇರೆಯವು ಹೆಚ್ಚು ಮಾರಿದವು, ಇದು ಕೆಳಗೆ ಉದುರಿತು, ಅಷ್ಟೆ. ಮತ್ತೆ ಜನ ಕೊಂಡರೆ ಮತ್ತೆ ಒಳಗೆ. ಹಳೆಯ ವಾರಗಳಿಗೆ ಹೊಸ ವಾರ ಜಮೆ. ಬ್ರಿಟನ್ನಿನ ಪಟ್ಟಿಯಲ್ಲಿ ಸಾವಿರ ವಾರ ಮುಟ್ಟಿದ ಮೊದಲ ಆಲ್ಬಂ ಸ್ವೀಡನ್ನಿನ ಆಬಾ ತಂಡದ ಆಯ್ದ ಹಾಡುಗಳ ‘ಆಬಾ ಗೋಲ್ಡ್’. 1992ರಲ್ಲಿ ಬಂದದ್ದು, ಸಾವಿರ ಮುಟ್ಟಿದ್ದು 2021ರಲ್ಲಿ. ನಡುವೆ ಹೆಚ್ಚುಕಡಿಮೆ 1,500 ವಾರ ಕಳೆದಿವೆ. ಅಂದರೆ ಮೂರರಲ್ಲೊಂದು ಪಾಲು ಅದು ಪಟ್ಟಿಯ ಆಚೆಗೇ ಇತ್ತು. ಇದಕ್ಕೆ ‘ಸಾವಿರ ವಾರ ಓಡಿತು’ ಎಂದರೆ ಓದುಗ ಪೂರ್ತಿ ಬೇರೆಯದೇ ಚಿತ್ರ ಕಟ್ಟಿಕೊಳ್ಳುತ್ತಾನೆ.

ಹಾಗಾದರೆ ಯಾವ ಪದ? ‘ನಿಂತಿತು’ ಎಂದು ಬರೆದು ನೋಡಿದೆ. ಪಟ್ಟಿಯಲ್ಲಿ 740 ವಾರ ನಿಂತಿತು. ಒಳ್ಳೆಯ ಪದವೇ, ಗಟ್ಟಿಯಾಗಿ ನೆಲೆಯೂರಿದ ಭಾವ ಬರುತ್ತದೆ. ಆದರೆ ಮಳೆ ನಿಂತಿತು, ಬಸ್ಸು ನಿಂತಿತು ಎನ್ನುವ ಭಾಷೆ ನಮ್ಮದು. ‘1988ರಲ್ಲಿ ನಿಂತಿತು’ ಎಂದರೆ ನೆಲೆ ನಿಂತಿತೋ, ಕೊನೆಗೊಂಡಿತೋ?

ಆಮೇಲೆ ‘ಉಳಿಯಿತು’. ಅನುವಾದಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದನ್ನು ಒಪ್ಪಿಕೊಂಡೇಬಿಟ್ಟಿದ್ದೆ. ಕಳೆದ ಭಾನುವಾರ ಚಿಕ್ಕಪೇಟೆ ಕಡೆ ಹೋಗಿದ್ದಾಗ ಹಳೆಯ ಕ್ಯಾಸೆಟ್ ವ್ಯಾಪಾರಿಯೊಬ್ಬರು ಸಿಕ್ಕರು. ಈಗ ಮಾರುವುದು ಮೊಬೈಲ್ ಕವರು, ಚಾರ್ಜರು. ಗಲ್ಲಾ ಪೆಟ್ಟಿಗೆಯ ಹಿಂದೆ ಮಾತ್ರ ಒಂದು ಸಾಲು ಕ್ಯಾಸೆಟ್ ಇನ್ನೂ ಇದೆ, ಪ್ಲಾಸ್ಟಿಕ್ ಡಬ್ಬಿಗಳೆಲ್ಲ ಹಳದಿ ತಿರುಗಿವೆ. ‘ಅವು ಉಳಿದಿದ್ದು’ ಎಂದರು. ಅಂಗಡಿಯವರ ಬಾಯಲ್ಲಿ ಉಳಿದದ್ದು ಎಂದರೆ ಮಾರಾಟವಾಗದ್ದು! ಅತಿ ಹೆಚ್ಚು ಮಾರಿದ ಆಲ್ಬಮ್ಮಿಗೆ ‘ಉಳಿಯಿತು’ ಎಂದು ಬರೆಯಹೊರಟಿದ್ದೆನಲ್ಲ ಎಂದು ಅಲ್ಲಿಯೇ ನಿಂತು ಯೋಚಿಸುವಂತಾಯಿತು.

ಅವರನ್ನೇ ಕೇಳಿದೆ, ವರ್ಷಗಟ್ಟಲೆ ಬೇಡಿಕೆ ತಪ್ಪದ ಕ್ಯಾಸೆಟ್ಟಿಗೆ ನೀವು ಏನನ್ನುತ್ತಿದ್ದಿರಿ ಅಂತ. ಅವರು ಕೈಯಲ್ಲಿದ್ದ ಕವರನ್ನು ಕೆಳಗಿಟ್ಟು ಹೇಳಿದರು: “ಓಡೋದು ಬೇರೆ ಸಾರ್, ಹೋಗ್ತಾ ಇರೋದು ಬೇರೆ. ಸಿನಿಮಾದ್ದು ಬಂದ ವಾರ ಓಡ್ತಿತ್ತು, ಡಬ್ಬ ಒಡೆಯೋಕೇ ಪುರುಸೊತ್ತಿರ್ತಿರಲಿಲ್ಲ. ಭಾವಗೀತೆ, ದೇವರನಾಮ ಹಾಗಲ್ಲ. ದಿನಾ ಒಂದೋ ಎರಡೋ, ಹೋಗ್ತಾ ಇರ್ತಿತ್ತು. ಒಂದೊಂದು ವಾರ ಇಲ್ಲ. ಮತ್ತೆ ಹೋಗ್ತಿತ್ತು.”

ನನಗೆ ಬೇಕಾಗಿದ್ದ ವ್ಯತ್ಯಾಸ ಇಷ್ಟೇ. ಬಿಲ್‌ಬೋರ್ಡಿನ ಲೆಕ್ಕವೂ ಇದನ್ನೇ ಹೇಳುತ್ತದೆ. ‘ಡಾರ್ಕ್ ಸೈಡ್’ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಒಂದೇ ಒಂದು ವಾರ. ಅದೇ ‘ವೆಸ್ಟ್ ಸೈಡ್ ಸ್ಟೋರಿ’ ಚಿತ್ರದ ಹಾಡುಗಳ ಆಲ್ಬಂ ಅರವತ್ತರ ದಶಕದಲ್ಲಿ 54 ವಾರ ಮೊದಲ ಸ್ಥಾನದಲ್ಲಿತ್ತು, ಮೈಕಲ್ ಜಾಕ್ಸನ್ನನ ‘ಥ್ರಿಲ್ಲರ್’ 37 ವಾರ. ಎರಡೂ ಬಗೆಯನ್ನು ನಾವು ‘ಪಟ್ಟಿಯಲ್ಲಿ ದಾಖಲೆ’ ಎಂದು ಒಂದೇ ಮೂಟೆಗೆ ಕಟ್ಟುತ್ತೇವೆ. ಪಟ್ಟಿಯಲ್ಲಿ ಇರುವುದು ಬೇರೆ, ಪಟ್ಟಿಯ ತಲೆಯ ಮೇಲೆ ಕೂರುವುದು ಬೇರೆ. ಎರಡನೆಯದಕ್ಕೆ ‘ಅಗ್ರಸ್ಥಾನ’ ಸಾಕಷ್ಟು ಚೆನ್ನಾಗಿ ಒದಗುತ್ತದೆ. ಮೇಲೆ ಕೆಳಗೆ ಹೋಗುವುದಕ್ಕೆ ನಮ್ಮ ತಂದೆಯವರ ಮಾತೇ ನನಗೆ ಇಷ್ಟ. ರೇಡಿಯೊ ಸಿಲೋನಿನಲ್ಲಿ ವಾರವಾರ ಹಿಂದಿ ಚಿತ್ರಗೀತೆಗಳ ಪಟ್ಟಿ ಕೇಳಿಸುತ್ತಿದ್ದ ಬಿನಾಕಾ ಗೀತಮಾಲಾದಲ್ಲಿ ನಿರೂಪಕ ಅಮೀನ್ ಸಯಾನಿ ಹಾಡುಗಳ ಕ್ರಮಾಂಕಕ್ಕೆ ‘ಪಾಯದಾನ್’, ಅಂದರೆ ಮೆಟ್ಟಿಲು, ಎನ್ನುತ್ತಿದ್ದರು. ಬುಧವಾರ ರಾತ್ರಿ ಅದನ್ನು ಕೇಳಿ ಮುಗಿಸಿ ತಂದೆ ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದದ್ದು ಕನ್ನಡದಲ್ಲಿ: “ಆ ಹಾಡು ಈ ಸಲ ಎರಡು ಮೆಟ್ಟಿಲು ಹತ್ತಿದೆ ಕಣೇ.” ‘ಶ್ರೇಯಾಂಕದಲ್ಲಿ ಏರಿಕೆ ಕಂಡಿದೆ’ ಎಂದು ಬರೆಯುವ ಬದಲು ಎರಡು ಮೆಟ್ಟಿಲು ಹತ್ತಿತು ಎಂದರೆ ಯಾರಿಗೆ ಅರ್ಥವಾಗದು?

ಈಗ ನನ್ನ ಸೂಚನೆ. ‘ಹೋಗ್ತಾ ಇತ್ತು’ ಬರಹದಲ್ಲಿ ತೆಳುವಾಗಬಹುದು. ಆದರೆ ‘ಹನ್ನೆರಡು ಮುದ್ರಣ ಕಂಡ ಪುಸ್ತಕ’ ಎಂದು ನಾವು ಸಲೀಸಾಗಿ ಬರೆಯುತ್ತೇವಲ್ಲವೇ? ಮುದ್ರಣಗಳ ನಡುವೆ ಎಷ್ಟು ವರ್ಷ ಅಂತರವಿದ್ದರೂ ಆ ‘ಕಂಡ’ಕ್ಕೆ ಧಕ್ಕೆಯಿಲ್ಲ. ಪುಸ್ತಕ ಅಂಗಡಿಯಲ್ಲಿ ಸಿಗದೇ ಹೋಗಿದ್ದ ಕಾಲವನ್ನೂ ಅದು ಒಳಗಿಟ್ಟುಕೊಳ್ಳುತ್ತದೆ. ಅದೇ ಜಾಡಿನಲ್ಲಿ ‘ಪಟ್ಟಿಯಲ್ಲಿ ಸಾವಿರ ವಾರ ಕಂಡ ಆಲ್ಬಂ’ ಎನ್ನಬಹುದು ಅನಿಸುತ್ತದೆ. ಬಿಡದೆ ಇದ್ದದ್ದಾದರೆ ಮಾತ್ರ ‘ಎಡೆಬಿಡದೆ’ ಅಥವಾ ‘ಒಂದೇ ಸಮನೆ’ ಸೇರಿಸೋಣ. ‘ಸತತ’ವನ್ನು ಅಭ್ಯಾಸಬಲದಿಂದ ಹಾಕುವುದು ಬೇಡ.

‘ಮಾರಾಟವಾದ’ ಎನ್ನುವುದರಲ್ಲೂ ಒಂದು ತೊಡಕಿದೆ. 2014ರ ಕೊನೆಯಲ್ಲಿ ಬಿಲ್‌ಬೋರ್ಡ್ ತನ್ನ ಆಲ್ಬಂ ಪಟ್ಟಿಗೆ ಆನ್‌ಲೈನ್ ಕೇಳುವಿಕೆಯನ್ನೂ ಸೇರಿಸಿತು. ಆಲ್ಬಮ್ಮಿನ ಹಾಡುಗಳನ್ನು 1,500 ಸಲ ಕೇಳಿದರೆ ಒಂದು ಆಲ್ಬಂ ಮಾರಿದ್ದಕ್ಕೆ ಸಮ ಎಂಬುದು ಆಗಿನ ಲೆಕ್ಕ. ಹೀಗಾಗಿ ಇತ್ತೀಚಿನ ಅಂಕಿಗಳಿಗೆ ‘ಇಷ್ಟು ಪ್ರತಿ ಮಾರಾಟ’ ಎಂದು ಬರೆದರೆ ತಪ್ಪಾಗುತ್ತದೆ, ಕೇಳುವಿಕೆಗೆ ಪ್ರತಿಯೇ ಇಲ್ಲವಲ್ಲ. ‘ಮಾರಾಟ-ಸಮ’ ಎಂಬುದು ಸದ್ಯಕ್ಕೆ ನಾನು ಬಳಸುತ್ತಿರುವ ಪದ, ಆದರೆ ಬಾಯಿಗೆ ಹಿತವಾಗಿಲ್ಲ.

‘ಆಲ್ಬಂ’ ಪದಕ್ಕೆ ಮಾತ್ರ ಕನ್ನಡ ಹುಡುಕುವುದು ಬೇಡ ಎಂಬುದು ನನ್ನ ನಿಲುವು. ಮೂರು ನಾಲ್ಕು ನಿಮಿಷಕ್ಕೆ ಮುಗಿಯುತ್ತಿದ್ದ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಫೋಟೊ ಆಲ್ಬಮ್ಮಿನ ಹಾಗೆ ದಪ್ಪ ರಟ್ಟಿನ ಪುಸ್ತಕದಲ್ಲಿ, ಹಾಳೆಗೊಂದರಂತೆ ತೂರಿಸಿಟ್ಟು ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಮದುವೆ ಆಲ್ಬಂ ಎಲ್ಲರ ಮನೆಯಲ್ಲೂ ಇದೆ, ಪದ ನಮ್ಮದೇ ಆಗಿ ಬಹಳ ಕಾಲವಾಯಿತು.

ನನ್ನ ಪ್ರಶ್ನೆಗಳು ಎರಡೇ. ‘ವಾರ ಕಂಡ’ ಎಂಬುದು ನಿಮ್ಮ ಕಿವಿಗೆ ಒಗ್ಗುತ್ತದೆಯೇ, ಇಲ್ಲವೇ? ಇನ್ನು, ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಅಂಗಡಿಗಳಲ್ಲಿ ಆ ‘ಹೋಗ್ತಾ ಇರೋ’ ಮಾಲಿಗೆ ಏನನ್ನುತ್ತಾರೆ?