ಸಾವನದುರ್ಗದ ಬೋಳು ಬಂಡೆಯನ್ನು ಇಳಿಯುವ ಬಗೆ

ಪ್ರಶ್ನೆ (ಚಾರಣಾಸಕ್ತ):
ಎಲ್ಲರಿಗೂ ನಮಸ್ಕಾರ. ಡಿಸೆಂಬರಿನಲ್ಲಿ ತಂದೆಯವರೊಂದಿಗೆ ಸಾವನದುರ್ಗದ ಕರಿಗುಡ್ಡವನ್ನು ಹತ್ತಬೇಕೆಂದಿದ್ದೇನೆ. ಅವರಿಗೆ ಐವತ್ತೆಂಟು ವರ್ಷ. ದಿನವೂ ನಡೆಯುವವರು, ಮಂಡಿನೋವಿಲ್ಲ. ಮಧುಗಿರಿಯನ್ನು ಇಬ್ಬರೂ ಹತ್ತಿದ್ದೇವೆ, ಆದರೆ ಅಲ್ಲಿ ಕಡಿದಾದ ಎಡೆಗಳಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳೂ ಹಿಡಿದುಕೊಳ್ಳಲು ಕಬ್ಬಿಣದ ಸರಳುಗಳೂ ಇವೆ. ಸಾವನದುರ್ಗದಲ್ಲಿ ಬಹುಪಾಲು ಬೋಳು ಬಂಡೆಯ ಇಳಿಜಾರಿನಲ್ಲೇ ನಡೆಯಬೇಕು ಎನ್ನುತ್ತಾರೆ. ಹತ್ತಿಬಿಡಬಹುದು, ಇಳಿಯುವಾಗ ಕಾಲು ನಡುಗಿದರೆ ಏನು ಮಾಡಬೇಕು? ಎಂಥ ಪಾದರಕ್ಷೆ ತಕ್ಕದ್ದು?

ಉತ್ತರ (ಮಾಗಡಿ ಸೀಮೆಯವ):
ತಂದೆಯವರನ್ನು ಧಾರಾಳವಾಗಿ ಕರೆತನ್ನಿ. ಸಮುದ್ರಮಟ್ಟದಿಂದ 1226 ಮೀಟರ್ ಎಂಬ ಅಂಕಿಯನ್ನು ಕಂಡು ಹೆದರಬೇಕಿಲ್ಲ, ಏಕೆಂದರೆ ಬುಡವೇ ಸಾಕಷ್ಟು ಎತ್ತರದಲ್ಲಿದೆ. ಇಲ್ಲಿಯ ಗ್ರಾನೈಟಿನ ಮೇಲ್ಮೈ ಒರಟಾಗಿರುವುದರಿಂದ ಒಣಗಿದ್ದಾಗ ರಬ್ಬರಿನ ಅಟ್ಟೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹೆದರಿದವರು ಬಂಡೆಗೆ ಬಾಗಿ ಅಂಟಿಕೊಳ್ಳುತ್ತಾರೆ; ಆಗ ಮೈಭಾರ ಪಾದದಿಂದ ತಪ್ಪಿ, ಕಾಲು ಜಾರುತ್ತದೆ. ನೆಟ್ಟಗೆ ನಿಂತು, ಇಡೀ ಅಂಗಾಲನ್ನು ಊರಿ, ಪುಟ್ಟ ಹೆಜ್ಜೆಗಳನ್ನಿಟ್ಟರೆ ಭಾರವೇ ಪಾದವನ್ನು ಬಂಡೆಗೆ ಒತ್ತಿ ಹಿಡಿಯುತ್ತದೆ. ಇಳಿಯುವಾಗಲೂ ಇದೇ ಕ್ರಮ, ಮಂಡಿ ಕೊಂಚ ಮಡಿಸಿರಬೇಕು. ತೀರಾ ಕಡಿದೆನಿಸಿದಲ್ಲಿ ಓರೆಯಾಗಿ ಅಡ್ಡಡ್ಡ ಇಳಿಯಲಿ, ಅಥವಾ ಕುಳಿತು ಕೈಯೂರಿ ಸರಿಯಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ನಾನಾದರೆ ಬರಿಗಾಲಲ್ಲೇ ಹತ್ತುತ್ತೇನೆ.

ಉತ್ತರ (ಶಿಲಾರೋಹಿ):
ಮೇಲಿನವರ ಮಾತೆಲ್ಲ ಒಪ್ಪಿಗೆ, ಬರಿಗಾಲೊಂದನ್ನು ಬಿಟ್ಟು. ಬೆಳಗ್ಗೆ ಅದು ಹಿತವಾಗಿರಬಹುದು, ಆದರೆ ಇಳಿಯುವ ಹೊತ್ತಿಗೆ ಬಿಸಿಲೇರಿದರೆ ಅಭ್ಯಾಸವಿಲ್ಲದವರ ಅಂಗಾಲು ಸುಡುತ್ತದೆ. ಮೆತ್ತನೆಯ ರಬ್ಬರಿನ, ಸವೆಯದ ಅಟ್ಟೆಯ ಬೂಟು ಇರಲಿ. ಬಂಡೆಯ ಮೇಲೆ ಉದ್ದಕ್ಕೆ ಇಳಿದಿರುವ ಕಪ್ಪು ಪಟ್ಟೆಗಳು ಮಳೆನೀರು ಹರಿದು ಪಾಚಿ ಕಟ್ಟಿದ ಜಾಡುಗಳು. ಒಣಗಿದ್ದಾಗ ನಿರುಪದ್ರವಿ, ತೇವವಾದರೆ ಅವುಗಳಷ್ಟು ಜಾರುವ ಜಾಗ ಇನ್ನೊಂದಿಲ್ಲ. ಬಿಸಿಲು ಚಳಿಗೆ ಸಿಕ್ಕಿ ಪದರಪದರವಾಗಿ ಎದ್ದಿರುವ ಕಲ್ಲಿನ ಚಕ್ಕೆಗಳನ್ನು ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಭಾರ ಹಾಕಬೇಡಿ. ಪಕ್ಕದ ಬಿಳಿಗುಡ್ಡದತ್ತ ಮಾತ್ರ ಹೋಗಬೇಡಿ. ‘ಬೆಳದಿಂಗಳು’, ‘ದೀಪಾವಳಿ’ ಎಂದು ಆರೋಹಿಗಳು ಹೆಸರಿಟ್ಟ ಸಾವನದುರ್ಗದ ದೊಡ್ಡ ಹಾದಿಗಳು ಹಗ್ಗ ಕಟ್ಟಿಕೊಂಡು ಏರುವವರಿಗಷ್ಟೇ ಮೀಸಲು.

ಪ್ರಶ್ನಿಸಿದವರು:
ಇಬ್ಬರಿಗೂ ಕೃತಜ್ಞತೆಗಳು. ದಾರಿ ತಪ್ಪುವ ಸಂಭವವಿದೆಯೇ?

ಉತ್ತರ (ಮಾಗಡಿ ಸೀಮೆಯವ):
ಇದೆ, ಅದೂ ಇಳಿಯುವಾಗಲೇ ಹೆಚ್ಚು. ಮೇಲಿನಿಂದ ನೋಡಿದರೆ ಬಂಡೆಯೆಲ್ಲ ಒಂದೇ ಬಗೆಯಾಗಿ ಕಂಡು, ಮುಂದೆ ಪ್ರಪಾತವಿರುವುದು ಅಂಚಿಗೆ ಹೋಗುವವರೆಗೂ ತಿಳಿಯದು. ಹತ್ತುವಾಗ ಆಗಾಗ ಹಿಂತಿರುಗಿ ನೋಡಿ ಗುರುತಿಟ್ಟುಕೊಳ್ಳಿ. ದಾರಿಯಲ್ಲಿ ಸಿಗುವ ಕೋಟೆಗೋಡೆಯ ಅವಶೇಷಗಳೇ ಒಳ್ಳೆಯ ಗುರುತು (1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಟಿಪ್ಪುವಿನಿಂದ ಕಸಿದುಕೊಂಡದ್ದು ಇದೇ ಕೋಟೆಯನ್ನು). ತುದಿಯ ನಂದಿ ಮಂಟಪದಲ್ಲಿ ದಣಿವಾರಿಸಿಕೊಂಡು, ಬಿಸಿಲು ಬಲಿಯುವ ಮುನ್ನ ಬಂದ ದಾರಿಯಲ್ಲೇ ಇಳಿಯಿರಿ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಹತ್ತಬೇಡಿ. ಬುಡದಲ್ಲೇ ಇರುವ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ದೇವಾಲಯಗಳನ್ನು ನೋಡಿಕೊಂಡು ಬನ್ನಿ.