ಅಪ್‌ಡೇಟ್: ಸಾವಿನ ಭಯ ಹೋಗುವುದು ಅನುಭವದಿಂದಲೋ, ಬದುಕುಳಿದದ್ದರಿಂದಲೋ?

ಹೃದಯ ನಿಂತು ಮರಳಿದವರಲ್ಲಿ ಸಾವಿನ ಭಯ ಇಳಿಯುವುದು ಆ ಹೊತ್ತಿನ ಸಾವಿನಂಚಿನ ಅನುಭವದಿಂದಲೋ (ಬೆಳಕು ಕಂಡದ್ದು, ದೇಹದಿಂದ ಹೊರಬಂದ ಭಾವ ಇತ್ಯಾದಿ), ಬರೀ ಬದುಕುಳಿದದ್ದರಿಂದಲೋ ಎಂದು ಕೇಳಿದ್ದೆ. ನೀವು ಸೂಚಿಸಿದ ಹೃದ್ರೋಗ ತಜ್ಞ ಪಿಮ್ ವಾನ್ ಲೊಮೆಲ್ ಅವರ 2001ರ ಡಚ್ ಅಧ್ಯಯನ ಅನುಭವದ ಕಡೆಗೇ ವಾಲುತ್ತದೆ.

10 ಆಸ್ಪತ್ರೆಗಳ 344 ರೋಗಿಗಳಲ್ಲಿ ಅನುಭವ ಹೇಳಿದವರು 62, ಅಂದರೆ ಶೇ. 18. ಹೃದಯ ಎಲ್ಲರದ್ದೂ ನಿಂತಿತ್ತು, ಹಾಗಾಗಿ ಹೋಲಿಕೆ ನ್ಯಾಯವಾಗಿಯೇ ಇದೆ. 2 ಮತ್ತು 8 ವರ್ಷಗಳ ನಂತರ ಮತ್ತೆ ಮಾತಾಡಿಸಿದಾಗ ಭಯ ಹೆಚ್ಚು ಇಳಿದದ್ದು ಅನುಭವವಾದವರಲ್ಲಿ. ಆದರೆ 8ನೇ ವರ್ಷಕ್ಕೆ ಸಿಕ್ಕ ಅನುಭವವಾದವರು 23 ಮಂದಿ, ಹೋಲಿಕೆಗೆ ಅನುಭವವಾಗದವರು 15. ಇಷ್ಟು ಸಣ್ಣ ಗುಂಪು ಹಿಡಿದು ‘ಸಾಬೀತಾಯಿತು’ ಅನ್ನುವುದು ಅವಸರ.

ನಾವು ಎಡವುವುದು ಗ್ರೇಸನ್ ಮಾಪಕದಲ್ಲಿ, ಅಂದರೆ ಇಂಥ ಅನುಭವವನ್ನು ಅಳೆಯುವ ಪ್ರಶ್ನಾವಳಿಯಲ್ಲಿ. 16 ಪ್ರಶ್ನೆ, ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ, ಗರಿಷ್ಠ 32. 7 ಅಥವಾ ಹೆಚ್ಚು ಬಂದರೆ ಸಾವಿನಂಚಿನ ಅನುಭವ ಎಂದು ಲೆಕ್ಕ. ಅದು ಕೇಳುವುದು ಶಾಂತಿ, ಬೆಳಕು, ದೇಹದಿಂದ ಹೊರಬಂದ ಭಾವ, ದಾಟಲಾಗದ ಗಡಿ ಇಂಥವನ್ನು. ಭಯದ ಪ್ರಶ್ನೆ ಒಂದೂ ಇಲ್ಲ! ಅಂಕ 20 ಬಂದರೂ ಭಯ ಹೋಗಿದೆಯೇ ಎಂದು ಬೇರೆಯಾಗಿಯೇ ಕೇಳಬೇಕು. ಅದರಲ್ಲೂ ಸಾವಿನ ಭಯ ಬೇರೆ, ಸಾಯುವಾಗಿನ ನರಳಾಟದ ಭಯ ಬೇರೆ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ತುರುಕಿದರೆ ಉತ್ತರ ಕೆಡುತ್ತದೆ.