ಮೇಲೇರಿದ ಕೂಡಲೇ ಹಳೇ ವಿಮಾನ ಸ್ಟಾಲ್ ಆಗುವುದು ಯಾಕೆ?

ಸಂತೆಕಟ್ಟೆ_ಚಿಕ್ಕಮ್ಮ:
ನಮಸ್ಕಾರ. ಅಕ್ಕನ ಮಗಳು ಪೈಲಟ್ ತರಬೇತಿಗೆ ಸೇರುತ್ತಿದ್ದಾಳೆ. ಅವಳು ತೋರಿಸಿದ ಒಂದು ವಿಡಿಯೋ ನೋಡಿದಾಗಿನಿಂದ ನನಗೆ ಸಮಾಧಾನವೇ ಇಲ್ಲ. ಬಟ್ಟೆ ಹೊದಿಸಿದ, ಮೇಲೊಂದು ಕೆಳಗೊಂದು ರೆಕ್ಕೆಯ ಹಳೇ ವಿಮಾನ. ಚೆನ್ನಾಗಿಯೇ ಏರಿತು. ಆಮೇಲೆ ಇಂಜಿನ್ ಸದ್ದು ಕುಗ್ಗಿತು. ಪೈಲಟ್ ರನ್‌ವೇ ಕಡೆಗೆ ತಿರುಗಿಸಿದರು. ಅಷ್ಟರಲ್ಲಿ ಒಂದು ರೆಕ್ಕೆ ಕುಸಿದು, ಮೂತಿ ಕೆಳಗಾಗಿ ಬಿದ್ದೇ ಹೋಯಿತು. ಇಂಜಿನ್ ಪೂರ್ತಿ ನಿಂತಿರಲಿಲ್ಲ. ಹಗುರ ವಿಮಾನ ತೇಲಬೇಕಲ್ವಾ? ಹಳೇದು ಅಂತ ಹೀಗಾಯಿತಾ?

ಕಾಪು_ಪುಷ್ಪಕ್:
ಅಕ್ಕ, ನಾನು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಪುಷ್ಪಕ್ ವಿಮಾನಗಳ ಇಂಜಿನ್ ನೋಡಿಕೊಂಡು ನಿವೃತ್ತನಾದವನು. ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ ಎರಡು ಸೀಟಿನ ವಿಮಾನ ಅದು. ಮೊದಲು ಹಾರಿದ್ದು 1958ರಲ್ಲಿ, 90 ಅಶ್ವಶಕ್ತಿಯ ಇಂಜಿನ್. ಅದರ ಮೇಲೆ ನನಗೆ ಈಗಲೂ ಪ್ರೀತಿ.

ಸ್ಟಾಲ್ ಆಗುವುದು ರೆಕ್ಕೆ, ಇಂಜಿನ್ ಅಲ್ಲ. ಎದುರು ಬರುವ ಗಾಳಿಗೆ ರೆಕ್ಕೆಯ ಓರೆ ಸುಮಾರು 15 ಡಿಗ್ರಿ ದಾಟಿದರೆ, ಅದರ ಬೆನ್ನಿಗೆ ಅಂಟಿಕೊಂಡು ಹರಿಯುವ ಗಾಳಿ ಬಿಟ್ಟುಕೊಳ್ಳುತ್ತದೆ. ಎತ್ತುವ ಬಲ ಥಟ್ಟನೆ ಇಳಿಯುತ್ತದೆ. ಅದೇ ಸ್ಟಾಲ್. ಹೊಸ ವಿಮಾನಕ್ಕೂ ಇದೇ ಕತೆ. ಆದರೆ ಹಳೇದರಲ್ಲಿ ಗಾಳಿಗೆ ಅಡ್ಡ ಬರುವ ಕಂಬ, ತಂತಿ ಜಾಸ್ತಿ. ಇಂಜಿನ್ ಬಲ ಕುಗ್ಗಿದರೆ ಕೆಲವೇ ಸೆಕೆಂಡಿನಲ್ಲಿ ವೇಗ ಹೋಗುತ್ತದೆ. ವೇಗ ಇಳಿದಷ್ಟೂ ಎತ್ತರ ಉಳಿಸಲು ರೆಕ್ಕೆಯ ಓರೆ ಹೆಚ್ಚಿಸಬೇಕಾಗುತ್ತದೆ. ಎಚ್ಚರಿಸುವ ಹಾರ್ನ್ ಕೂಡ ಎಷ್ಟೋ ವಿಮಾನಗಳಲ್ಲಿ ಇರುವುದಿಲ್ಲ. ವಿಮಾನ ನಡೆಸುವ ಸ್ಟಿಕ್ ಸಡಿಲವಾದದ್ದು, ಗಾಳಿಯ ಸದ್ದು ತಗ್ಗಿದ್ದು ಪೈಲಟ್‌ಗೇ ಗೊತ್ತಾಗಬೇಕು.

ಮೂತಿ ತಗ್ಗಿಸಿದರೆ ಖಂಡಿತ ತೇಲುತ್ತದೆ. ನೆಲ ಅಷ್ಟು ಹತ್ತಿರ ಕಂಡಾಗ ಕೈ ತಾನಾಗಿ ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಮೂತಿ ಎತ್ತುತ್ತದೆ. ಅದನ್ನು ತಡೆಯಲಿಕ್ಕೇ ಅಭ್ಯಾಸ ಬೇಕು.

ಇನ್ನು ತಿರುಗುವುದು. ನೇರ ಹಾರುವಾಗ 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ವೇಗದಲ್ಲಿ ಸ್ಟಾಲ್ ಆಗುವ ವಿಮಾನ, ಎತ್ತರ ಬಿಡದೆ 45 ಡಿಗ್ರಿ ವಾಲಿಸಿ ತಿರುಗಿದರೆ ಸುಮಾರು 48ರಲ್ಲೇ ಸ್ಟಾಲ್ ಆಗುತ್ತದೆ. 60 ಡಿಗ್ರಿ ವಾಲಿದರೆ 57. ಇದ್ದ ವೇಗ ಇಳಿಯುತ್ತಿದೆ, ಬೇಕಾದ ವೇಗ ಏರುತ್ತಿದೆ. ಒಂದು ರೆಕ್ಕೆ ಮೊದಲು ಸೋತರೆ ಸ್ಪಿನ್, ಅಂದರೆ ವಿಮಾನ ಗಿರಗಿರ ಸುತ್ತುತ್ತಾ ಬೀಳುತ್ತದೆ. ಸಾವಿರಾರು ಅಡಿ ಮೇಲಿದ್ದರೆ ಸರಿಪಡಿಸಬಹುದು, ಮುನ್ನೂರು ಅಡಿಯಲ್ಲಿ ಜಾಗವೇ ಇಲ್ಲ. ಹಾಗಾಗಿ ಮೂತಿ ತಗ್ಗಿಸಿ, ನೇರಕ್ಕೆ ಅಥವಾ ಸ್ವಲ್ಪ ಆಚೀಚೆ ಸಿಕ್ಕಲ್ಲಿ ಇಳಿಸಬೇಕು. ಗದ್ದೆಯಾದರೆ ಗದ್ದೆ.

ಕೆಂಜಾರು_ಹುಡುಗ:
ಕಾಪು ಸರ್, ನಮ್ಮ ಮಂಗಳೂರಿನ ಬಜ್ಪೆ ರನ್‌ವೇ ಗುಡ್ಡದ ಮೇಲೆ ಉಂಟು. ಮುಂದೆ ಕಣಿವೆ. ಅಲ್ಲಿ ಎಂತ ಮಾಡುವುದು? ಇಲ್ಲಿ 2010ರಲ್ಲಿ ಆದ ವಿಮಾನ ದುರಂತವೂ ಸ್ಟಾಲಾ?

ಕಾಪು_ಪುಷ್ಪಕ್:
ಅಲ್ಲ ಮಾರಾಯ್ರೇ. 2010ರ ಮೇ 22ರಂದು ಆ ವಿಮಾನ ಇಳಿಯುವಾಗ ರನ್‌ವೇ ದಾಟಿ ಕಣಿವೆಗೆ ಹೋದದ್ದು. 158 ಜನ ಹೋದರು. ಅದು ಬೇರೆಯೇ ವಿಷಯ.

ಕಣಿವೆ ಇದ್ದರೂ ಮೊದಲ ಕೆಲಸ ಮೂತಿ ತಗ್ಗಿಸುವುದೇ. ಹಿಡಿತದಲ್ಲಿರುವ ವಿಮಾನ ಕಡಿಮೆ ವೇಗದಲ್ಲಿ ಮರದ ತಲೆಗೆ ತಾಗಿದರೂ ಬದುಕುವ ಸಾಧ್ಯತೆ ಉಂಟು. 2015ರಲ್ಲಿ ನಟ ಹ್ಯಾರಿಸನ್ ಫೋರ್ಡ್ ಅವರ 1942ರ ರಯಾನ್ ವಿಮಾನ ಅಮೆರಿಕದ ಸಾಂತಾ ಮೋನಿಕಾದಿಂದ ಏರಿದ ಕೂಡಲೇ ಬಲ ಕಳೆದುಕೊಂಡಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ನ ಮುಖ್ಯ ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು, ತಿರುಪು ಬಿಚ್ಚಿಕೊಂಡಿತ್ತು. ರನ್‌ವೇ ಸಿಗುವುದಿಲ್ಲ ಎಂದು ಗೊತ್ತಾದಾಗ ಅವರು ಗಾಲ್ಫ್ ಮೈದಾನಕ್ಕೆ ಇಳಿಸಿದರು. ಮರಕ್ಕೆ ತಾಗಿತು, ಪೆಟ್ಟಾಯಿತು, ಜೀವ ಉಳಿಯಿತು. ಹೆಗಲಿನ ಬೆಲ್ಟ್ ಸರಿಯಾಗಿ ಜೋಡಿಸಿರಲಿಲ್ಲ, ಅದರಿಂದ ಪೆಟ್ಟು ಜಾಸ್ತಿಯಾಯಿತು ಎಂದು ತನಿಖೆ ಹೇಳಿತು.

ಸಂತೆಕಟ್ಟೆ_ಚಿಕ್ಕಮ್ಮ:
ತುಂಬಾ ಉಪಕಾರವಾಯಿತು ಸರ್. ಇಂಜಿನ್ ಬಲ ಕುಗ್ಗುವುದು ಯಾಕೆ? ಮಗುವಿಗೆ ಏನು ಹೇಳಲಿ?

ಕಾಪು_ಪುಷ್ಪಕ್:
ಕಾರಣ ಹಲವು. ಪೆಟ್ರೋಲಿನಲ್ಲಿ ನೀರು ಸೇರಿರಬಹುದು, ಅದಕ್ಕೇ ಹಾರುವ ಮೊದಲು ಟ್ಯಾಂಕಿನ ಅಡಿಯಿಂದ ಸ್ವಲ್ಪ ಇಳಿಸಿ ನೋಡುತ್ತೇವೆ. ಕಾರ್ಬುರೇಟರ್‌ನಲ್ಲಿ ಮಂಜುಗಡ್ಡೆಯೂ ಕಟ್ಟುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಹಸಿ ಗಾಳಿಯಲ್ಲಿ, 25 ಡಿಗ್ರಿ ಸೆಕೆಯಲ್ಲೂ! ಪೆಟ್ರೋಲ್ ಆವಿಯಾಗುವಾಗ ಒಳಗೆ ಅಷ್ಟು ತಣ್ಣಗಾಗುತ್ತದೆ. ಬಿಸಿ ಗಾಳಿ ಬಿಡುವ ಗುಂಡಿ ಅದಕ್ಕೇ ಇರುವುದು.

ತರಬೇತಿಯಲ್ಲಿ ಎತ್ತರಕ್ಕೆ ಹೋಗಿ ಬೇಕೆಂದೇ ಸ್ಟಾಲ್ ಮಾಡಿಸುತ್ತಾರೆ. ಅವಳು ಅದಕ್ಕೆ ಹೆದರದಿರಲಿ, ಸಾಕಾಗುವವರೆಗೆ ಮತ್ತೆ ಮತ್ತೆ ಮಾಡಿಸಿ ಎಂದು ಕೇಳಿ ಕಲಿಯಲಿ. ಪ್ರತಿ ಸಲ ಏರುವ ಮೊದಲೂ, ಇಂಜಿನ್ ಕೈಕೊಟ್ಟರೆ ಎಲ್ಲಿ ಇಳಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಲಿ. ಬೆಲ್ಟ್ ತಾನೇ ಎಳೆದು ನೋಡಲಿ.